ಅರ್ತಿಂಗ್ ಗುಂಡಿಗೆ ಒಂದು ಬಿಂದಿಗೆ ನೀರು

ಮಾದೇಶ, ನಿಮ್ಮವ್ವ ಸತ್ತ ದಿನ ನಿಮ್ಮ ಹಿತ್ತಲಿನ ಅರ್ತಿಂಗ್ ಗುಂಡಿ ಒಣಗಿರಲಿಲ್ಲ. ಹಸಿಯಾಗಿತ್ತು. ನಾನು ಬೆರಳಿಟ್ಟು ನೋಡಿದ್ದೆ. ನೋಡಿಯೂ, ಮೂರನೆಯ ದಿನ ನಿನ್ನ ಎದುರು ಕೂತು, ‘ಗುಂಡಿ ಒಣಗಿತ್ತೇನೋ ಕಣೋ’ ಅಂದೆ. ಅವ್ವನ ಜೀವ ಹೋದದ್ದು ನೀನು ಎಳೆದ ವೈರಿನಿಂದಲ್ಲ, ನಿಮ್ಮಪ್ಪ ಮರೆತರು ಅಂತ ನೀನು ನಂಬಿದ ನೀರಿನಿಂದಲೂ ಅಲ್ಲ. ಆ ಸ್ಪೀಕರಿನ ಪ್ಲಗ್ಗಿನೊಳಗಿದ್ದ ಹಸಿರು ವೈರನ್ನು ಕತ್ತರಿಸಿದವನು ನಾನು.

ಬರೆದುಬಿಟ್ಟೆ. ಇಷ್ಟು ಬರೆಯುವುದಕ್ಕೆ ಇಪ್ಪತ್ತೊಂದು ವರ್ಷ ಬೇಕಾಯಿತು ನನಗೆ. ದಿನವೂ ಬೋರ್ಡಿನ ಮೇಲೆ ಬರೆದು ಹೊಟ್ಟೆ ಹೊರೆಯುವವನು — ನಂಜನಗೂಡಿನಲ್ಲಿ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುವ ಶ್ರೀಕಂಠ ಮೇಷ್ಟ್ರು! ವರ್ಷ ವರ್ಷವೂ ಮೊದಲ ಪಾಠದಲ್ಲೇ ಮೂರು ಪಿನ್ನಿನ ಪ್ಲಗ್ ಬಿಚ್ಚಿ, ‘ಇದು ಹಸಿರು ವೈರು, ಇದನ್ನು ಯಾವತ್ತೂ ಮುಟ್ಟಬೇಡಿ’ ಅಂತ ದೊಡ್ಡ ಗಂಟಲಲ್ಲಿ ಹೇಳುತ್ತೇನೆ. ಮೇಷ್ಟ್ರು ತುಂಬಾ ಸ್ಟ್ರಿಕ್ಟು ಅಂತ ಹುಡುಗರು ಮಾತಾಡಿಕೊಳ್ಳುತ್ತಾರೆ. ಥೂ ನನ್ನ ಜನ್ಮಕ್ಕೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಿನಗೆ ಗೊತ್ತಿಲ್ಲದ್ದು ಅದರ ನಡುನಡುವೆಯೇ ಇದೆ. ಹಾಗಾಗಿ ಬಿಡಿಸಿ ಬಿಡಿಸಿ ಹೇಳಬೇಕು.

ನಂಜನಗೂಡಿನಲ್ಲಿ ನಮ್ಮ ಡಿಪ್ಲೊಮಾದ ಕೊನೆಯ ವರ್ಷ. ನೀನು ಹೆಮ್ಮಿಗೆಯಿಂದ ಹೊರಟು ಟಿ. ನರಸೀಪುರದಲ್ಲಿ ಬಸ್ ಬದಲಾಯಿಸಿ ಬರುತ್ತಿದ್ದೆ. ನಾನು ದೇವಸ್ಥಾನದ ಬೀದಿಯಿಂದ ನಡೆದುಕೊಂಡು ಬಂದರೂ ನಿನಗಿಂತ ತಡ. ಇಬ್ಬರೂ ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ನಾನು ಯಾವುದೋ ರೆಡಿಮೇಡ್ ಕಿಟ್ ತಂದು ಜೋಡಿಸಿ ಕೈತೊಳೆದುಕೊಳ್ಳೋಣ ಅಂದೆ. ನೀನು ಒಪ್ಪಲಿಲ್ಲ. ‘ಸ್ಪೀಕರ್ ಮಾಡಾಣ ಕಣ್ಲಾ. ನಾವೇ ಡಿಸೈನ್ ಮಾಡಾಣ. ನಮ್ಮವ್ವನ ಗಂಟ್ಲಿಗೆ ಸರಿಯಾದದ್ದು’ ಅಂದೆ.

ನಿಮ್ಮವ್ವ ಚೆನ್ನಾಜಮ್ಮ ಸೋಬಾನೆ ಪದ ಹೇಳುತ್ತಿದ್ದರು. ಸುತ್ತ ಹತ್ತು ಊರಿನ ಮದುವೆಗಳಲ್ಲಿ ಅವರು ಬಾಯಿ ಬಿಟ್ಟರೇನೇ ಶಾಸ್ತ್ರ ಶುರುವಾಗುತ್ತಿದ್ದ ಕಾಲವೊಂದಿತ್ತಂತೆ. ಆಮೇಲೆ ಟೈಫಾಯ್ಡ್ ಬಂದು ಗಂಟಲು ಸಣ್ಣಗಾಯಿತು. ಅದೇ ಹೊತ್ತಿಗೆ ಶಾಮಿಯಾನದವರು ತರುವ ಬಾಕ್ಸುಗಳು ದೊಡ್ಡದಾದವು. ಆ ದಬದಬದ ನಡುವೆ ಅವ್ವನ ದನಿ ಪಕ್ಕದವರಿಗೂ ಕೇಳಿಸದಂತಾಯಿತು. ಜನ ಕರೆಯುವುದು ಬಿಟ್ಟರು. ನಿನಗೆ ಅದು ಸದಾ ಕೊರೆಯುತ್ತಿತ್ತು. ದಬದಬ ಅನ್ನದ ಸ್ಪೀಕರ್ ಬೇಕು, ಮನುಷ್ಯರ ಗಂಟಲು ಸ್ವಚ್ಛವಾಗಿ ಕೇಳಿಸಬೇಕು — ಇಷ್ಟೇ ನಿನ್ನ ಡಿಸೈನು.

ಆ ಭಾನುವಾರಗಳು... ನಿಮ್ಮ ಜಗಲಿಯಲ್ಲಿ ಹಳೇ ಬಾಗಿಲಿನ ಹಲಗೆ ಕುಯ್ದು ಪೆಟ್ಟಿಗೆ ಮಾಡಿದೆವು. ಒಳಗೆ ಇಷ್ಟು ಲೀಟರ್ ಗಾಳಿ ಇರಬೇಕು ಅಂತ ಪುಸ್ತಕದಲ್ಲಿ ಲೆಕ್ಕವಿತ್ತು. ಹಲಗೆ ಒಂದೊಂದು ಕಡೆ ಒಂದೊಂದು ದಪ್ಪ, ಟೇಪು ಹಿಡಿದು ಹಿಡಿದು ನಾವು ಕಿತ್ತಾಡುತ್ತಿದ್ದೆವು. ಒಲೆಯ ಮುಂದಿನಿಂದ ಅವ್ವ ಎದ್ದು ಬಂದರು. ‘ರಾಗಿ ಸುರ್ದು ಅಳೀರ್ಲಾ. ಪೆಟ್ಗೆ ಒಟ್ಟೆ ಎಷ್ಟು ಅಂತ ಅದೇ ಯೋಳ್ತದೆ’ ಅಂದು ಪಡಿ ತಂದುಕೊಟ್ಟರು. ಪೆಟ್ಟಿಗೆ ತುಂಬ ರಾಗಿ ಸುರಿದು, ಪಡಿ ಪಡಿಯಾಗಿ ಅಳೆದು, ಲೀಟರಿಗೆ ತಿರುಗಿಸಿ ನೋಡಿದರೆ ಲೆಕ್ಕಕ್ಕೆ ಒಂದೂವರೆ ಪಡಿ ಮಾತ್ರ ಹೆಚ್ಚು! ಅವ್ವ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅವರನ್ನೇ ನಿಲ್ಲಿಸಿ ಹಾಡಿಸಿ, ಒಂದೊಂದು ಕೆಪಾಸಿಟರ್ ಬದಲಾಯಿಸಿ ಮತ್ತೆ ಹಾಡಿಸಿ, ದನಿ ಎಲ್ಲಿ ಬಿರುಸಾಗುತ್ತದೆ, ಎಲ್ಲಿ ಮೂಗಿಗೆ ಹೋಗುತ್ತದೆ ಅಂತ ನೀನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ನಾನು ಅವ್ವ ಕೊಟ್ಟ ಅವರೆಕಾಳಿನ ಉಪ್ಪಿಟ್ಟು ತಿನ್ನುತ್ತ ಕೂತಿರುತ್ತಿದ್ದೆ. ‘ಬಾ ಕೂಸೆ, ಇನ್ನೊಂದ್ ತುತ್ತು’ ಅಂತ ತಟ್ಟೆಗೆ ಹಾಕುತ್ತಿದ್ದ ಕೈ ಅದು.

ಎಲ್ಲಾ ಸರಿಹೋಯಿತು, ಆ ಹಮ್ಮಿಂಗ್ ಒಂದು ಬಿಟ್ಟು. ಹಾಡು ನಿಂತ ಕೂಡಲೇ ಗುಂಯ್ಯ್ ಅಂತ ಒಂದೇ ಸಮನೆ. ಒಳಗಿನ ಗ್ರೌಂಡ್ ವೈರುಗಳೆಲ್ಲ ಒಂದೇ ಜಾಗಕ್ಕೆ ಬಂದು ಸೇರಿದರೆ ಅದು ಹೋಗುತ್ತದೆ ಅಂತ ನೀನು ಕಂಡುಕೊಂಡಿದ್ದೆ. ಒಂದೊಂದೇ ಬಿಚ್ಚಿ ನೋಡುತ್ತಿದ್ದೆ. ವಾರಗಳು ಹೋದವು. ನನಗೆ ತಲೆ ಕೆಟ್ಟುಹೋಯಿತು. ‘ಅರ್ಜೆಂಟ್ ಮಾಡ್ಬ್ಯಾಡ ಕಣ್ಲಾ. ಎಲ್ಲಿಂದ ಬತ್ತದೆ ಅಂತ ಗೊತ್ತಾಗ್ದೆ ಬುಡಕಾಯ್ತದಾ?’ ಅಂತ ನೀನು ಅನ್ನುತ್ತಿದ್ದೆ.

ಪ್ರಾಜೆಕ್ಟ್ ತೋರಿಸುವ ದಿನ ಬಂತು. ಮೈಕು ತರಲು ನೀನು ಪೇಟೆಗೆ ಹೋಗಿದ್ದೆ. ಲ್ಯಾಬಿನಲ್ಲಿ ನಾನೊಬ್ಬನೇ. ಸ್ವಿಚ್ ಹಾಕಿದೆ — ಗುಂಯ್ಯ್. ಅರ್ತ್ ತೆಗೆದರೆ ಹಮ್ಮಿಂಗ್ ಹೋಗುತ್ತದೆ ಅಂತ ರೇಡಿಯೋ ರಿಪೇರಿಯವನೊಬ್ಬ ಹೇಳಿದ್ದು ನೆನಪಾಯಿತು. ಪ್ಲಗ್ ಬಿಚ್ಚಿದೆ. ಹಸಿರು ವೈರನ್ನು ಕಟ್ ಮಾಡಿ, ಹಿಂದಕ್ಕೆ ಮಡಚಿ, ಮೇಲೆ ಮುಚ್ಚಳ ಹಾಕಿ ಸ್ಕ್ರೂ ಬಿಗಿದೆ. ಎರಡು ನಿಮಿಷದ ಕೆಲಸ. ಸ್ವಿಚ್ ಹಾಕಿದೆ. ನಿಶ್ಶಬ್ದ. ಆ ನಿಶ್ಶಬ್ದ ಎಷ್ಟು ಚೆನ್ನಾಗಿತ್ತು ಅಂದರೆ ನಾನು ಒಬ್ಬನೇ ನಿಂತು ನಕ್ಕುಬಿಟ್ಟೆ.

ಗೊತ್ತಿಲ್ಲದೆ ಮಾಡಿದೆ ಅಂತ ಹೇಳಲಾರೆ. ಆ ವೈರು ಯಾಕಿದೆ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದಿದ್ದವನು ನಾನು. ಒಳಗೆ ಎಲ್ಲಾದರೂ ವೈರು ಆಂಪ್ಲಿಫೈಯರ್ ಕೂರಿಸಿದ ತಗಡಿಗೆ ತಗುಲಿದರೆ ಕರೆಂಟು ಆ ಹಸಿರು ವೈರಿನಲ್ಲಿ ಹರಿದು ಹಿತ್ತಲಿನ ಗುಂಡಿಗೆ, ಮಣ್ಣಿಗೆ ಹೋಗುತ್ತದೆ. ಫ್ಯೂಸ್ ಸುಟ್ಟು ಎಲ್ಲ ನಿಂತುಬಿಡುತ್ತದೆ. ಹಸಿರು ವೈರಿಲ್ಲದಿದ್ದರೆ ಕರೆಂಟು ತಗಡಿನಲ್ಲೇ, ಅದಕ್ಕೆ ಸೇರಿದ ಮೈಕಿನ ಉಕ್ಕಿನಲ್ಲೇ ಕಾದು ಕೂತಿರುತ್ತದೆ, ಯಾರಾದರೂ ಮುಟ್ಟುವ ತನಕ.

ನೀನು ಬಂದೆ. ‘ಏನ್ ಮಾಡ್ದ್ಲಾ?’ ಅಂತ ಬಾಯಿ ಬಿಟ್ಟುಕೊಂಡು ನಿಂತೆ. ‘ಗ್ರೌಂಡೆಲ್ಲ ಒಂದೇ ಕಡೆ ತಂದೆ’ ಅಂದೆ ನಾನು. ನಿನ್ನ ಮಾತನ್ನೇ ಕದ್ದು ನಿನಗೇ ಹೇಳಿದೆ. ನೀನು ನನ್ನನ್ನು ತಬ್ಬಿಕೊಂಡೆ. ಆಮೇಲೆ ಪರೀಕ್ಷಕರು ಬಂದು, ‘ಹಮ್ಮಿಂಗ್ ಇಲ್ಲವಲ್ಲ, ಯಾರು ಮಾಡಿದ್ದು?’ ಅಂತ ಕೇಳಿದಾಗ ‘ನಾನು ಸರ್’ ಅಂತ ಮುಂದೆ ಬಂದೆ. ನೀನು ಪಕ್ಕದಲ್ಲೇ ನಿಂತು ಹೆಮ್ಮೆಯಿಂದ ತಲೆ ಆಡಿಸಿದೆ. ಅಷ್ಟಾದ ಮೇಲೆ ನಿಜ ಹೇಳುವುದಕ್ಕೆ ನಾಚಿಕೆ... ನಾಚಿಕೆ ಅಷ್ಟೇ, ಬೇರೇನೂ ಅಲ್ಲ.

ಎರಡು ವಾರಕ್ಕೆ ನಿನ್ನ ಚಿಕ್ಕಪ್ಪನ ಮಗಳ ಮದುವೆ. ನಿಮ್ಮ ಅಂಗಳದಲ್ಲೇ ಚಪ್ಪರ. ಅವ್ವ ನಮ್ಮ ಸ್ಪೀಕರಿನಲ್ಲಿ ಸೋಬಾನೆ ಹೇಳಬೇಕು ಅಂತ ನೀನು ಊರಿಗೆಲ್ಲ ಸಾರಿದ್ದೆ. ಲಗೇಜ್ ಆಟೋದಲ್ಲಿ ಪೆಟ್ಟಿಗೆ ಹಾಕಿಕೊಂಡು, ಗುಂಡಿ ರಸ್ತೆಯಲ್ಲಿ ಎತ್ತೆತ್ತಿ ಹಾಕಿಸಿಕೊಳ್ಳುತ್ತ ನಂಜನಗೂಡಿನಿಂದ ಹೆಮ್ಮಿಗೆಗೆ ತಂದೆವು. ಆ ದಾರಿಯಲ್ಲೇ ಇರಬೇಕು, ಟ್ರಾನ್ಸ್‌ಫಾರ್ಮರಿನ ವೈರು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಕಿತ್ತುಹೋದದ್ದು.

ಚಪ್ಪರದ ದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ನಿಮ್ಮಪ್ಪ ನಂಜಪ್ಪನವರು ತಲೆಗೆ ಟವೆಲು ಸುತ್ತಿಕೊಂಡು, ಒಂದು ಕಂಕುಳಲ್ಲಿ ಮಾವಿನ ಸೊಪ್ಪಿನ ಕಟ್ಟು, ಇನ್ನೊಂದು ಕೈಯಲ್ಲಿ ಬಿಂದಿಗೆ ಹಿಡಿದು ಓಡೋಡಿ ಬಂದರು. ಅರ್ತಿಂಗ್ ಗುಂಡಿಗೆ ಬಿಂದಿಗೆ ಬಗ್ಗಿಸಿದರು. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ತ್ ಹಿಡಿಯುವುದಿಲ್ಲ, ದಿನಾ ಒಂದು ಬಿಂದಿಗೆ ಹಾಕಬೇಕು ಅಂತ ನೀನು ಅವರಿಗೆ ಹೇಳಿಕೊಟ್ಟಿದ್ದೆ. ‘ಇದ್ಕೂ ನೀರ್ ಕುಡಿಸ್ಬೇಕಂತೆ ಕಣಪ್ಪ, ದನಕ್ಕೆ ಕುಡಿಸ್ದಂಗೆ’ ಅಂತ ನನ್ನ ಕಡೆ ನೋಡಿ ನಕ್ಕು, ಹಾಗೇ ಚಪ್ಪರದ ಕಡೆ ಓಡಿದರು. ಯಾರೋ ಕೂಗುತ್ತಿದ್ದರು, ತೋರಣ ಕಟ್ಟಬೇಕಿತ್ತು, ನೂರೆಂಟು ಕೆಲಸ.

ಅಂಗಳವನ್ನು ಆಗಷ್ಟೇ ಸಗಣಿ ಹಾಕಿ ಸಾರಿಸಿದ್ದರು. ನೆಲವೆಲ್ಲ ಒದ್ದೆ. ಮೈಕು ಟೆಸ್ಟ್ ಮಾಡಿದವನು ನಾನು. ಕಾಲಲ್ಲಿ ಹವಾಯಿ ಚಪ್ಪಲಿ. ‘ಹಲೋ ಹಲೋ’ ಅನ್ನುವಾಗ ಅಂಗೈಯಲ್ಲಿ ಜುಮ್ ಅಂದಿತು. ಸಣ್ಣಗೆ. ಮಾದೇಶ, ನನಗೆ ಗೊತ್ತಾಯಿತು. ಒಂದು ಗಳಿಗೆ ಪ್ಲಗ್ಗು ಕಣ್ಣ ಮುಂದೆ ಬಂತು. ಸುತ್ತ ಹೆಂಗಸರು ಕಾಯುತ್ತ ನಿಂತಿದ್ದರು. ಅವ್ವ ಹೊಸ ಸೀರೆ ಉಟ್ಟು, ಬರಿಗಾಲಲ್ಲಿ, ಆ ಒದ್ದೆ ನೆಲದ ಮೇಲೆ ಬಂದು ನಿಂತಿದ್ದರು. ‘ಎಲ್ಲಾ ಸರಿ ಅದ್ಯೇನ್ಲಾ?’ ಅಂತ ನೀನು ಕೇಳಿದೆ. ಈಗ ಪ್ಲಗ್ ಬಿಚ್ಚಿದರೆ ನೀನು ನೋಡುತ್ತೀಯ, ನನ್ನ ಸುಳ್ಳು ಗೊತ್ತಾಗುತ್ತದೆ...

‘ಸರಿಯಾಗಿದೆ ಕಣೋ. ಕೊಡು ಅವ್ವನಿಗೆ’ ಅಂದು ಮೈಕನ್ನು ನಿನ್ನ ಕಡೆ ಚಾಚಿದೆ.

ಕೊಟ್ಟೆ ನೀನು. ಮಗನೇ ತಾಯಿಯ ಕೈಗೆ — ಮೈಕಿನ ಕಪ್ಪು ಪ್ಲಾಸ್ಟಿಕ್ಕಿನ ಬುಡ ಹಿಡಿದು ಕೊಟ್ಟೆ, ಅದಕ್ಕೇ ನಿನಗೇನೂ ಆಗಲಿಲ್ಲ. ಅವ್ವ ಬೆಳ್ಳಗಿನ ಉಕ್ಕಿನ ಭಾಗವನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡರು. ಒಂದೇ ಒಂದು ಸೊಲ್ಲು ಬಂತು ಸ್ಪೀಕರಿನಿಂದ. ನಾವು ಅಷ್ಟು ಭಾನುವಾರ ಹುಡುಕಿದ್ದ ದನಿ, ಅಷ್ಟೇ ಸ್ವಚ್ಛವಾಗಿ. ನಿಂತಿತು. ಉಸಿರು ತೆಗೆದುಕೊಳ್ಳುತ್ತಿದ್ದಾರೆ ಅಂತ ಎಲ್ಲರೂ ಅಂದುಕೊಂಡರು. ಕೈ ಬಿಡಿಸಿಕೊಳ್ಳಲು ಆಗುತ್ತಿಲ್ಲ ಅಂತ ಯಾರಿಗೂ ಹೊಳೆಯಲಿಲ್ಲ. ನೀನು ಹಾರಿ ಹೋಗಿ ಪ್ಲಗ್ ಕೀಳುವ ಹೊತ್ತಿಗೆ ಅವ್ವ ನೆಲಕ್ಕೆ ಬಿದ್ದಿದ್ದರು.

ಅವರನ್ನು ಟಿ. ನರಸೀಪುರದ ಆಸ್ಪತ್ರೆಗೆ ಎತ್ತಿಕೊಂಡು ಹೋದಿರಿ. ಮನೆಯವರೆಲ್ಲ ಹಿಂದೆಯೇ ಹೋದರು. ನಾನು ಹೋಗಲಿಲ್ಲ. ‘ನಾನು ಇಲ್ಲಿ ನೋಡಿಕೊಳ್ಳುತ್ತೇನೆ’ ಅಂದೆ. ಏನು ನೋಡಿಕೊಂಡೆ ಗೊತ್ತಾ? ಮಧ್ಯಾಹ್ನ, ಖಾಲಿ ಚಪ್ಪರದಲ್ಲಿ ಕೂತು ಪ್ಲಗ್ ಬಿಚ್ಚಿ, ಆ ಹಸಿರು ವೈರಿನ ತುದಿ ಸುಲಿದು, ಇದ್ದ ಜಾಗಕ್ಕೇ ಸೇರಿಸಿ ಸ್ಕ್ರೂ ಬಿಗಿದೆ. ಕೆಲಸ ಮಾತ್ರ ನೀಟಾಗಿ ಮಾಡಿದೆ. ಆಮೇಲೆ ಹಿತ್ತಲಿಗೆ ಹೋದೆ. ಗುಂಡಿ ಒಣಗಿರಲಿ ದೇವರೇ, ಇನ್ನೇನಾದರೂ ಒಂದು ತಪ್ಪಿರಲಿ, ಎಲ್ಲಾ ನನ್ನದೇ ಆಗದಿರಲಿ ಅಂತ ಬೇಡಿಕೊಂಡು ಮಣ್ಣಿಗೆ ಬೆರಳು ಚುಚ್ಚಿದೆ. ಗೆಣ್ಣಿನ ತನಕ ತಣ್ಣಗೆ, ಕೆಸರು ಹತ್ತಿತು. ಪಂಚೆಗೆ ಒರೆಸಿಕೊಂಡೆ.

ಕರೆಂಟ್ ಆಫೀಸಿನವರು ಬಂದು ನೋಡಿದಾಗ ಪ್ಲಗ್ ಸರಿಯಾಗಿತ್ತು. ಇರಲೇಬೇಕಲ್ಲ! ಪೆಟ್ಟಿಗೆ ಬಿಚ್ಚಿದರು, ಮೂಲೆಯಿಂದ ನಾಲ್ಕು ಕಾಳು ರಾಗಿ ಉದುರಿತು, ಸಿಪ್ಪೆ ಹೋದ ವೈರು ಸಿಕ್ಕಿತು. ಅದನ್ನು ಎಳೆದಿದ್ದವನು ನೀನು. ವೈರು ಉಜ್ಜುತ್ತದೆ, ಸಿಪ್ಪೆ ಹೋಗುತ್ತದೆ, ಎಂಥ ಕೆಲಸಗಾರನಿಗೂ ಆಗುತ್ತದೆ. ಹಾಗಾದಾಗ ಪ್ರಾಣ ಉಳಿಯಲಿ ಅಂತಲೇ ಅಲ್ಲವೇ ಮೂರನೇ ಪಿನ್ನು ಇರುವುದು? ನೀನು ಅದನ್ನು ತಿಳಿದವನು. ಅದಕ್ಕೇ ಮೂರನೆಯ ದಿನ ಜಗಲಿಯ ಮೇಲೆ ಕೂತು ನನ್ನನ್ನು ಕೇಳಿದೆ. ‘ಅರ್ತ್ ಇತ್ತಲ್ಲಾ ಸ್ರೀಕಂಠ. ಫ್ಯೂಸ್ ಯಾಕ್ ಓಗ್ಲಿಲ್ಲ?’

ಅದೇ ನನಗೆ ತೆರೆದಿದ್ದ ಬಾಗಿಲು, ಮಾದೇಶ. ಆವತ್ತು ಹೇಳಬಹುದಿತ್ತು. ನೀನು ನನ್ನನ್ನು ಹೊಡೆದು ಹಾಕಿದ್ದರೂ ಸರಿಯಾಗಿತ್ತು. ನಾನು ಕೆಳಗೆ ನೋಡುತ್ತ, ‘ಗುಂಡಿ ಒಣಗಿತ್ತೇನೋ ಕಣೋ’ ಅಂದೆ.

ನಿಮ್ಮಪ್ಪ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಮೆಲ್ಲಗೆ ತಲೆ ಎತ್ತಿದರು. ‘ಅವತ್ತು ಉಯ್ದಿದ್ನೋ... ಇಲ್ವೋ... ಗ್ಯಾನ ಇಲ್ವಲ್ಲಪ್ಪೋ’ ಅಂದರು. ಹುಯ್ದಿದ್ದನ್ನು ನೋಡಿದ್ದ ಒಬ್ಬನೇ ಒಬ್ಬ ಮನುಷ್ಯನ ಮುಖವನ್ನು ನೋಡುತ್ತಲೇ ಅಂದರು. ನಾನು ಬಾಯಿ ಬಿಡಲಿಲ್ಲ. ನೀನು ಎದ್ದು ನಿಂತು ಅವರ ಮೇಲೆ ಕೂಗಿದೆ. ‘ಒಂದ್ ಬಿಂದ್ಗೆ ನೀರ ಉಯ್ಯಾಕಾಗ್ಲಿಲ್ವಾ ನಿಂಗೆ?’

ನೀನು ಕೊನೆಯ ಪರೀಕ್ಷೆಗೆ ಬರಲಿಲ್ಲ. ನಾನು ಬರೆದೆ, ಪಾಸಾದೆ, ಮೇಷ್ಟ್ರಾದೆ. ತಾಂಡ್ಯದ ಯಾವುದೋ ಫ್ಯಾಕ್ಟರಿಯಲ್ಲಿ ನೀನು ಲೋಡಿಂಗ್ ಕೆಲಸಕ್ಕೆ ಸೇರಿದೆ ಅಂತ ಕೇಳಿದೆ. ಒಮ್ಮೆ ತಾಂಡವಪುರದ ಹತ್ತಿರ ಟೀ ಅಂಗಡಿಯಲ್ಲಿ ನಿನ್ನನ್ನು ಕಂಡೆ. ತಲೆ ತಗ್ಗಿಸಿ ಬೈಕು ಮುಂದಕ್ಕೆ ಓಡಿಸಿದೆ. ಹೀಗೇ ಕಾಲ ಹಾಕಿಬಿಡಬಹುದು ಅಂದುಕೊಂಡಿದ್ದೆ.

ಹೋದ ವರ್ಷ ನಿನ್ನ ಮಗಳು ನನ್ನ ಕ್ಲಾಸಿಗೆ ಬಂದಳು. ಹಾಜರಿ ಪುಸ್ತಕದಲ್ಲಿ ‘ಚೈತ್ರ ಎಂ., ಹೆಮ್ಮಿಗೆ’, ತಂದೆಯ ಹೆಸರು ಮಾದೇಶ ಅಂತ ಓದಿದವನು ಮುಂದಿನ ಹೆಸರು ಕೂಗದೆ ಪುಸ್ತಕ ಮುಚ್ಚಿದೆ. ಒಂದು ವರ್ಷ ಅವಳ ಮುಖ ನೋಡದೆ ಪಾಠ ಮಾಡಿದೆ. ಹೋದ ವಾರ ಅವಳು ಒಂದು ಪೆಟ್ಟಿಗೆಯನ್ನು ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟಳು. ಸ್ಪೀಕರು. ತಾನೇ ಡಿಸೈನ್ ಮಾಡಿ, ಮನೆಯಲ್ಲಿ ಗೊತ್ತಾಗದ ಹಾಗೆ ಗೆಳತಿಯ ರೂಮಿನಲ್ಲಿ ಕಟ್ಟಿದ್ದಾಳೆ. ‘ಸಾ, ಎಲ್ಲಾ ಆಯ್ತು. ಹಮ್ಮಿಂಗ್ ಒಂದು ಹೋಗ್ತಿಲ್ಲ. ಅರ್ತ್ ತೆಗುದ್ರೆ ಹೋಯ್ತದೆ ಅಂತ ವೀಡಿಯೋದಲ್ಲಿ ಹೇಳವ್ರೆ. ತೆಗೀಲಾ ಸಾ?’

ನಾನು ಕಿರುಚಿದೆ. ಏನು ಕಿರುಚಿದೆನೋ ಗೊತ್ತಿಲ್ಲ, ಇಡೀ ಲ್ಯಾಬು ತಿರುಗಿ ನೋಡಿತು. ಹುಡುಗಿ ಹೆದರಿ ಅತ್ತುಬಿಟ್ಟಳು. ಕೂರಿಸಿ ನೀರು ಕೊಟ್ಟೆ. ಆಗ ತಾನಾಗಿ ಹೇಳಿದಳು. ‘ನಮ್ಮಜ್ಜಿ ಇದ್ರಲ್ಲೇ ತೀರ್ಕೊಂಡಿದ್ದಂತೆ ಸಾ. ನಮ್ಮಪ್ಪ ಮನೇಲಿ ಬಲ್ಬ್ ಹೋದ್ರೂ ಮುಟ್ಟಲ್ಲ. ನಮ್ ತಾತ ದಿನಾ ಆ ಗುಂಡಿಗೆ ನೀರ್ ಹುಯ್ತಾರೆ. ಮಳೆ ಸುರೀತಿದ್ರೂವೆ ಹುಯ್ತಾರೆ. ಅಪ್ಪನೂ ತಾತನೂ ಮಾತಾಡಿದ್ದ ನಾನು ನೋಡೇ ಇಲ್ಲ. ಮೊನ್ನೆ ತಾತ ಆ ಗುಂಡಿ ಹತ್ರಾನೇ ಜಾರಿ ಬಿದ್ರು, ಸೊಂಟದ ಮೂಳೆ ಮುರ್ದೋಗದೆ. ಈ ವಯಸ್ಸಿಗೆ ಆಪರೇಷನ್ ಬ್ಯಾಡ ಅಂದವ್ರೆ. ಮಲಗಿದ್ದ ಕಡೇಲೇ ನೀರ್ ಹುಯ್ದ್ರಾ, ನೀರ್ ಹುಯ್ದ್ರಾ ಅಂತ ಕೇಳ್ತಾರೆ. ನಾನೇ ಹುಯ್ದ್ ಬತ್ತೀನಿ.’

ಮೂರು ತಲೆಮಾರು, ಮಾದೇಶ. ನಾನು ಹೇಳಿದ ಒಂದು ಸುಳ್ಳಿಗೆ ಮೂರು ತಲೆಮಾರು ನೀರು ಹೊರುತ್ತಿದೆ. ಆ ಮುದುಕರು ಹೆಂಡತಿಯನ್ನು ತಾವೇ ಕೊಂದೆವು ಅಂದುಕೊಂಡೇ ಕಣ್ಣು ಮುಚ್ಚಿದರೆ... ಅಲ್ಲಿಂದ ಮುಂದೆ ನಾನು ಹೇಳಿದರೇನು, ಬಿಟ್ಟರೇನು.

ಆವತ್ತು ಚೈತ್ರಳ ಪಕ್ಕ ಕೂತು, ಅವಳ ಪೆಟ್ಟಿಗೆಯ ಗ್ರೌಂಡ್ ವೈರುಗಳನ್ನು ಒಂದೊಂದೇ ಬಿಚ್ಚಿಸಿ, ಎಲ್ಲವನ್ನೂ ಒಂದೇ ಬೋಲ್ಟಿಗೆ ತಂದೆವು. ಸಂಜೆಯಾಯಿತು. ಹಮ್ಮಿಂಗ್ ಹೋಯಿತು, ಹಸಿರು ವೈರು ತನ್ನ ಜಾಗದಲ್ಲೇ ಇತ್ತು. ನೀನು ಹೇಳುತ್ತಿದ್ದದ್ದು ಸರಿ. ಇನ್ನೊಂದು ಭಾನುವಾರ ಕಾದಿದ್ದರೆ ಸಾಕಿತ್ತು.

ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸೋಣ ಅಂತ ಕವರಿಗೆ ಹಾಕಿದ್ದೆ. ಅದೂ ಹೇಡಿತನವೇ. ಮತ್ತೆ ಹೊರಗೆ ತೆಗೆದೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ನಾನೇ ಬರುತ್ತಿದ್ದೇನೆ. ಬಾಯಿ ಕಟ್ಟಿಹೋದರೆ ಓದಿ ಹೇಳುವುದಕ್ಕೆ ಇದು ಜೇಬಿನಲ್ಲಿರುತ್ತದೆ. ಕ್ಷಮಿಸು ಅಂತ ಕೇಳುವುದಿಲ್ಲ, ಆ ಮಾತಿಗೆ ನನಗೆ ಹಕ್ಕಿಲ್ಲ. ನೀನು ಪೊಲೀಸಿಗೆ ಹೇಳು, ನನ್ನ ಕಾಲೇಜಿಗೆ ಹೇಳು, ಚಪ್ಪಲಿಯಲ್ಲಿ ಹೊಡಿ. ಒಂದೇ ಒಂದು ಬೇಡಿಕೊಳ್ಳುತ್ತೇನೆ. ಬಾಗಿಲಲ್ಲೇ ತಡೆಯಬೇಡ. ಮೊದಲು ನಿಮ್ಮಪ್ಪನ ಮಂಚದ ಹತ್ತಿರ ಹೋಗಲು ಬಿಡು.

ಅವರಿಗೆ ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತೇನೆ. ನಂಜಪ್ಪನೋರೆ, ಅವತ್ತು ಬೆಳಿಗ್ಗೆ ನೀವು ನೀರು ಹುಯ್ದಿದ್ದಿರಿ. ತಲೆಗೆ ಟವೆಲು ಸುತ್ತಿದ್ದಿರಿ, ಕಂಕುಳಲ್ಲಿ ಮಾವಿನ ಸೊಪ್ಪಿತ್ತು. ‘ಇದ್ಕೂ ನೀರ್ ಕುಡಿಸ್ಬೇಕಂತೆ, ದನಕ್ಕೆ ಕುಡಿಸ್ದಂಗೆ’ ಅಂದು ನನ್ನ ಕಡೆ ನೋಡಿ ನಕ್ಕಿರಿ. ಬಿಂದಿಗೆ ತುಂಬ ಹುಯ್ದಿದ್ದಿರಿ. ನಾನು ನೋಡಿದ್ದೆ.